ಅಮ್ಮ, ಹುಣಸೆಹಣ್ಣು ಮತ್ತು ಹಿತ್ತಾಳೆ ಗಿಟಾರು

ಲಾಸ್ ಏಂಜಲೀಸಿನ ನಮ್ಮ ಮನೆಯಲ್ಲಿ ಹಳೇ ಗಿಟಾರುಗಳಿಗೆ ಒಂದು ಕಾನೂನಿದೆ. ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಕಾನೂನು ಹೆಂಡತಿಯದು. "ಇದು ಮೊದಲಿಂದಲೂ ಇತ್ತಲ್ಲ" ಅನ್ನೋ ಸುಳ್ಳು ನನ್ನದು. ಮರದ ಗಿಟಾರಾದರೆ ಸುಳ್ಳು ನಡೆಯುತ್ತದೆ. ಎಲ್ಲ ಒಂದೇ ತರ ಕಾಣುತ್ತವೆ ನೋಡಿ. ಮಾರ್ಟಿನ್ ಕಂಪನಿಯವರು 1969ರಲ್ಲಿ ಬ್ರೆಜಿಲಿನ ಬೀಟೆ ಮರ ಬಿಟ್ಟು ನಮ್ಮ ದೇಶದ ಬೀಟೆಗೆ ಬಂದರು. ಹಾಗಾಗಿ ಒಂದನ್ನಂತೂ "ತವರಿನ ಮರ ಕಣೇ" ಅಂತ ಹೇಳಿ ದಕ್ಕಿಸಿಕೊಂಡೆ.

ಆದರೆ ಫಳಫಳ ಲೋಹದ ಗಿಟಾರನ್ನು ಎಲ್ಲಿ ಬಚ್ಚಿಡೋದು?

ಅದು ನ್ಯಾಷನಲ್ ಕಂಪನಿಯ ರೆಸೊನೇಟರ್, 1930ರ ದಶಕದ್ದು. ಕರೆಂಟಿನ ಗಿಟಾರು ಬರುವ ಮುಂಚೆ, ತುತ್ತೂರಿ ಡೋಲುಗಳ ಗಲಾಟೆಯಲ್ಲಿ ಗಿಟಾರು ಯಾರಿಗೂ ಕೇಳುತ್ತಿರಲಿಲ್ಲ. ಆಗ ಜಾನ್ ಡೋಪೆರಾ ಅನ್ನೋ ವಾದ್ಯ ತಯಾರಕರು ಇದೇ ಊರಲ್ಲಿ, ಸದ್ದು ಜೋರಾಗಲಿ ಅಂತ ಗಿಟಾರಿನ ಹೊಟ್ಟೆಯೊಳಗೆ ಅಲ್ಯೂಮಿನಿಯಂ ತಟ್ಟೆ ಕೂರಿಸಿದರು. ಅದೇ ರೆಸೊನೇಟರ್. ನನ್ನದರಲ್ಲಿ ಒಂದೇ ತಟ್ಟೆ, ಒಂಬತ್ತೂವರೆ ಇಂಚು. ಕಾಗದದಷ್ಟು ತೆಳು, ಬೆರಳು ಒತ್ತಿದರೆ ತಗ್ಗು. ಮೈ ಹಿತ್ತಾಳೆ, ಮೇಲೆ ನಿಕ್ಕಲ್ ಲೇಪ, ಬೆನ್ನ ಮೇಲೆ ಹವಾಯಿ ಕಡಲ ತೀರದ ಚಿತ್ರ. ಲೇಪ ಅಲ್ಲಲ್ಲಿ ಸವೆದು, ಹಿತ್ತಾಳೆ ಕಪ್ಪಾಗಿತ್ತು. ಹಳೇ ಗಿಟಾರಿನ ಹುಚ್ಚರಿಗೆ ಆ ಕಪ್ಪೇ ಹಳತನದ ಗುರುತು. ಆ ಕಪ್ಪಿಗೇ ನಾನು ಜಾಸ್ತಿ ದುಡ್ಡು ಕೊಟ್ಟಿದ್ದು.

ಶಿವಮೊಗ್ಗದಿಂದ ಅಮ್ಮ ಬಂದಿದ್ದರು. ಸಂಜೆ ಆಫೀಸಿಂದ ಬಂದರೆ ಗಿಟಾರು ಸಿಂಕಿನ ಪಕ್ಕ ಬೋರಲಾಗಿ ಮಲಗಿದೆ. ದೀಪಾವಳಿಗೆ ತೊಳೆದಿಟ್ಟ ಹಂಡೆಯ ಹಾಗೆ ಹೊಳೀತಿದೆ. ಅಡುಗೆಮನೆ ತುಂಬ ಹುಳಿ ವಾಸನೆ.

"ಎಷ್ಟು ಕಿಲುಬು ಹಿಡಿಸಿದ್ಯೋ! ಹುಣಸೆಹಣ್ಣು ಹಾಕಿ ತಿಕ್ಕಿದೆ. ನೋಡು, ಹಿಂದೆ ತೆಂಗಿನ ಮರ ಇದೆ, ನಿಂಗೆ ಗೊತ್ತಿತ್ತಾ?"

ಗೊತ್ತಿತ್ತು. ಸುಮ್ನೆ ತಲೆಯಾಡಿಸಿದೆ. ಎಂಬತ್ತು ಚಿಲ್ಲರೆ ವರ್ಷದ ಕಪ್ಪು ಒಂದು ಮಧ್ಯಾಹ್ನದಲ್ಲಿ ಚರಂಡಿ ಸೇರಿತ್ತು. ಹೆಂಡತಿ ಮಾತ್ರ ಮೊದಲ ಸಲ ನನ್ನ ಗಿಟಾರೊಂದನ್ನು "ಚೆನ್ನಾಗಿದೆ" ಅಂದಳು.

ರಾತ್ರಿ ನುಡಿಸಿದರೆ ಒಳಗೆ ಗಲಗಲ ಸದ್ದು. ತಟ್ಟೆ ಹೋಯಿತು ಅಂತ ಎದೆ ಧಸಕ್ಕೆಂದಿತು. ಮುಚ್ಚಳದ ಸ್ಕ್ರೂ ಒಂದೊಂದೇ ಬಿಚ್ಚಿದೆ. ತಟ್ಟೆ ನೆಟ್ಟಗಿತ್ತು. ಅದರ ಕೆಳಗೆ, ಎಫ್ ಆಕಾರದ ತೂತಿನಿಂದ ಜಾರಿ ಬಿದ್ದ ಹುಣಸೆಬೀಜ, ಒಂದಲ್ಲ, ಎರಡು.

ಹಿಂದಿನಿಂದ ಬಂದ ಅಮ್ಮ ಕನ್ನಡಕ ಸರಿ ಮಾಡಿಕೊಂಡು ಇಣುಕಿದರು.

"ಅಯ್ಯೋ, ಒಳಗೊಂದು ತಟ್ಟೆ ಬೇರೆ ಇದೆಯಾ? ಎಷ್ಟು ಮಂಕಾಗಿದೆ! ಕೊಡಿಲ್ಲಿ."