ಮೇಲ್ ಹಾಕೀನಿ, ನೋಡ್ರಿ

ಈ ಸೋಮವಾರ ನಮ್ಮ ಆಫೀಸಿನಲ್ಲಿ ಕೂಲರಿಗೆ ನೀರು ತುಂಬುವ ಹುಡುಗ ರಜೆ ಹಾಕಿದ. ನಡೆದದ್ದು ಇಷ್ಟೇ. ಆ ಕೂಲರಿನ ಗಾಳಿ ತಾಗುವುದೇ ನಾಲ್ಕು ಟೇಬಲ್ಲಿಗೆ. ಎದ್ದು ನಿಂತು ಒಂದು ಕೂಗು ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಅಡ್ಮಿನ್‌ನವರು 'ಡಿಯರ್ ಆಲ್' ಅಂತ ಶುರು ಮಾಡಿ ಇಡೀ ಕಂಪನಿಗೆ ಮೇಲ್ ಕಳಿಸಿದರು. ಬೆಂಗಳೂರಿನ ಹೆಡ್ ಆಫೀಸಿಗೆ ಹೋಯಿತು. ಹುಬ್ಬಳ್ಳಿ ಬ್ರಾಂಚಿಗೆ ಹೋಯಿತು. ಕೆಲಸ ಬಿಟ್ಟು ಹೋದವರ ವಿಳಾಸಗಳಿಗೂ ಹೋಗಿ ಬಡಿದು ವಾಪಸ್ ಬಂತು.

ಸ್ವಲ್ಪ ಹೊತ್ತಿಗೆ ಉತ್ತರಗಳು ಶುರುವಾದವು. 'ನೋಟೆಡ್.' 'ನೋಟೆಡ್ ವಿತ್ ಥ್ಯಾಂಕ್ಸ್.' 'ಓಕೆ ಸರ್.' ಎಲ್ಲವೂ ಎಲ್ಲರಿಗೂ. ಹುಬ್ಬಳ್ಳಿಯವರೊಬ್ಬರು 'ಯಾವ ಕೂಲರ್?' ಅಂತ ಕೇಳಿದರು. ಬೆಂಗಳೂರಿನವರೊಬ್ಬರಿಗೆ ಸಿಟ್ಟು ಬಂದು 'ದಯವಿಟ್ಟು ಯಾರೂ ರಿಪ್ಲೈ ಆಲ್ ಒತ್ತಬೇಡಿ' ಅಂತ ರಿಪ್ಲೈ ಆಲ್ ಒತ್ತಿ ಹೇಳಿದರು. ಅದಕ್ಕೆ ಇನ್ನೊಬ್ಬರು 'ಕರೆಕ್ಟ್ ಸರ್' ಅಂದರು. ಅದೂ ಎಲ್ಲರಿಗೂ. ಮಧ್ಯಾಹ್ನದ ಹೊತ್ತಿಗೆ ಕೂಲರಿನಲ್ಲಿ ಹನಿ ನೀರಿರಲಿಲ್ಲ, ಇನ್‌ಬಾಕ್ಸ್ ಮಾತ್ರ ತುಂಬಿ ಹರಿಯುತ್ತಿತ್ತು.

ನನ್ನ ಗೋಳು ಬೇರೆ. ನಾನು ಅಕೌಂಟ್ಸ್‌ನವಳು. ತಿಂಗಳ ಜಿಎಸ್‌ಟಿ ಲೆಕ್ಕದ 3ಬಿ ಫಾರಂ ತುಂಬಲು 20ನೇ ತಾರೀಖು ಕಡೆಯ ದಿನ. ನನಗೆ ಬೇಕಿದ್ದದ್ದು ಅಕ್ಕಿ ಚೀಲದ ವ್ಯಾಪಾರಿಯ ಒಂದೇ ಒಂದು ಬಿಲ್ಲು. ಅದು ಕೂಲರಿನ ಕೆಳಗೆ ಎಲ್ಲೋ ಮುಳುಗಿತ್ತು. ಏಪ್ರಿಲ್, ಮೇ ಬಂತೆಂದರೆ ನಮ್ಮ ಕಡೆಯ ಸರಕಾರಿ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ಟೈಮಿಂಗ್ ಬದಲಾಗುತ್ತದೆ. ನಮ್ಮದು ಖಾಸಗಿ ಕಂಪನಿ. ರಾಯಚೂರಿನ ಬಿಸಿಲಿಗೆ ನಾವು ಬೇಯುವುದಿಲ್ಲ ಅಂತ ಯಾರೋ ತೀರ್ಮಾನಿಸಿದ್ದಾರೆ. ಹೀಗಾಗಿ ಸಂಜೆವರೆಗೂ ಕೂತು 'ನೋಟೆಡ್' ಓದಬೇಕು.

ನಮ್ಮದೇ ಇಂಥ ಹಣೆಬರಹ ಅಂದುಕೊಳ್ಳಬೇಡಿ. 2016ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಒಂದು ಟೆಸ್ಟ್ ಮೇಲ್ ತಪ್ಪಿ ಎಂಟು ಲಕ್ಷಕ್ಕೂ ಜಾಸ್ತಿ ನೌಕರರಿಗೆ ಹೋಗಿತ್ತು. 'ನನ್ನನ್ನು ಈ ಲಿಸ್ಟಿನಿಂದ ತೆಗೆಯಿರಿ' ಅಂತ ಜನ ರಿಪ್ಲೈ ಆಲ್ ಮಾಡಿ ಮಾಡಿ ಇಡೀ ವ್ಯವಸ್ಥೆಯೇ ತೆವಳತೊಡಗಿತು. ಕೊನೆಗೆ 2020ರಲ್ಲಿ ಮೈಕ್ರೋಸಾಫ್ಟ್ ಇಂಥ ಬಿರುಗಾಳಿ ತಡೆಯುವ ಸೌಲಭ್ಯವನ್ನೇ ತಂದಿತು. ಶುರುವಿನಲ್ಲಿ ಅದು 5,000ಕ್ಕೂ ಜಾಸ್ತಿ ಜನರಿಗೆ ಹೋಗುವ ಮೇಲ್‌ಗೆ ಮಾತ್ರ ಅನ್ವಯಿಸುತ್ತಿತ್ತು. ಗಲಾಟೆ ಮಾಡಲು ಅಷ್ಟೆಲ್ಲ ಜನ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬಿಲ್ಲು ಹುಡುಕಲು ಹೋದೆ. ಚೀಲ ಅಂತ ಹುಡುಕಿದೆ, ಸಿಗಲಿಲ್ಲ. ವ್ಯಾಪಾರಿಯ ಹೆಸರು ಹಾಕಿದೆ, ಇಲ್ಲ. ಕೊನೆಗೆ ಸಿಕ್ಕಿದ್ದು 'ದೀಪಾವಳಿ ಸ್ವೀಟ್ ಬಾಕ್ಸ್ ರೇಟ್' ಎಂಬ ಮೇಲ್‌ನ ಒಳಗೆ! ಯಾಕಂದರೆ ನಮ್ಮ ಪರ್ಚೇಸ್ ಸಾಹೇಬರು ಹೊಸ ಮೇಲ್ ಅಂತ ಯಾವತ್ತೂ ಬರೆಯುವುದಿಲ್ಲ. ನನ್ನ ಮತ್ತು ಮ್ಯಾನೇಜರ್ ಇಬ್ಬರ ಹೆಸರೂ ಇದ್ದ ಯಾವುದೋ ಹಳೇ ಮೇಲ್ ಹಿಡಿದು ಅದಕ್ಕೇ ಉತ್ತರ ಕೊಡುತ್ತಾ ಹೋಗುತ್ತಾರೆ. ವಿಳಾಸ ಮತ್ತೆ ಟೈಪ್ ಮಾಡುವ ಕಷ್ಟ ತಪ್ಪಿತಲ್ಲ! ದೀಪಾವಳಿ ಮುಗಿದು, ಸಂಕ್ರಾಂತಿ ಮುಗಿದು, ಯುಗಾದಿ ಬೇವುಬೆಲ್ಲ ತಿಂದರೂ ಆಫೀಸಿನ ಸಕಲ ವ್ಯವಹಾರ ಸ್ವೀಟ್ ಬಾಕ್ಸ್ ಒಳಗೇ ನಡೆಯುತ್ತಿದೆ. ತೂಕದ ಯಂತ್ರದ ರಿಪೇರಿ ಅಲ್ಲೇ ಇದೆ. ಲಾರಿ ಬಾಡಿಗೆ ಅಲ್ಲೇ. ವಾಚ್‌ಮ್ಯಾನ್ ಜಗಳವೂ ಅಲ್ಲೇ.

ಸಾಹೇಬರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೆಟ್ಟ ಮನುಷ್ಯ ಅಲ್ಲ. ಭಾಳ ಒಳ್ಳೆಯವರು. ಅದೇ ತೊಂದರೆ.

ಅವರ ಟೇಬಲ್ಲು ನನ್ನ ಟೇಬಲ್ಲಿನ ಪಕ್ಕದಲ್ಲೇ ಇದೆ. ಅವರು ಮೇಲ್ ಕಳಿಸುವುದು ನನಗೆ ಮೊದಲು ಕೇಳಿಸುತ್ತದೆ. ಎರಡು ಬೆರಳಿನಲ್ಲಿ ಟೈಪ್ ಮಾಡುತ್ತಾರೆ. ಸೆಂಡ್ ಮಾತ್ರ ತುಂಬಾ ಜೋರಾಗಿ ಒತ್ತುತ್ತಾರೆ, ಜೋರಾಗಿ ಒತ್ತಿದಷ್ಟು ಬೇಗ ಮುಟ್ಟುತ್ತದೆ ಎಂಬ ನಂಬಿಕೆ. ಆಮೇಲೆ ಫೋನ್ ಎತ್ತುತ್ತಾರೆ. ನನ್ನ ಫೋನ್ ರಿಂಗ್ ಆಗುತ್ತದೆ. ನಾನು ಅವರ ಕಡೆ ನೋಡುತ್ತೇನೆ. ಅವರು ನನ್ನ ಕಡೆ ನೋಡುತ್ತಾ ಫೋನಿನಲ್ಲಿ ಹೇಳುತ್ತಾರೆ:

"ಮೇಡಂ, ಮೇಲ್ ಹಾಕೀನಿ, ನೋಡ್ರಿ."

"ಹೌದ್ರಿ ಸರ್, ನೋಡ್ತೀನಿ."

"ಬಂತೇನ್ರಿ?"

"ಬಂತ್ರಿ."

"ಓಪನ್ ಆತೇನ್ರಿ?"

ಮಗಳನ್ನು ಬಸ್ ಹತ್ತಿಸಿ, ಊರು ಮುಟ್ಟಿದಳಾ ಅಂತ ತಾಸಿಗೊಮ್ಮೆ ವಿಚಾರಿಸುವ ತಂದೆಯ ಹಾಗೆ ಅವರಿಗೆ ತಮ್ಮ ಮೇಲ್‌ಗಳ ಚಿಂತೆ. ಫೋನ್ ಇಟ್ಟ ಮೇಲೂ ಸಮಾಧಾನ ಇಲ್ಲ. ಕಂಪ್ಯೂಟರ್ ತೆರೆಯ ಮೇಲಿನ ಮೇಲ್‌ನ ಫೋಟೋ ಹೊಡೆದು ವಾಟ್ಸಾಪ್‌ಗೆ ಕಳಿಸುತ್ತಾರೆ. ಎರಡು ನೀಲಿ ಗೆರೆ ಬಂದರೆ ಮಾತ್ರ ಮೇಲ್ ಮುಟ್ಟಿತು ಅಂತ ಲೆಕ್ಕ. ನೀಲಿ ಬರುವುದು ತಡವಾದರೆ ಎದ್ದು ಬಂದು ನನ್ನ ಹಿಂದೆ ನಿಂತು, ನನ್ನ ತೆರೆಯ ಮೇಲೆ ಬೆರಳಿಟ್ಟು, "ಇದ ನೋಡ್ರಿ, ಇದ" ಅಂತ ತೋರಿಸುತ್ತಾರೆ. ಮಾನಿಟರಿನ ಮೇಲೆ ಅವರ ಬೆರಳಚ್ಚು ಎಷ್ಟಿವೆ ಅಂದರೆ ನನ್ನ ಕಂಪ್ಯೂಟರ್ ಕಳುವಾದರೆ ಪೊಲೀಸರು ಮೊದಲು ಹಿಡಿಯುವುದು ಅವರನ್ನೇ.

ಅಷ್ಟೆಲ್ಲ ಆದ ಮೇಲೆ ಮೇಲ್ ತೆರೆದರೆ ಒಳಗೆ 'ಪಿಎಫ್‌ಎ' ಅಂತ ಮೂರಕ್ಷರ, ಅಂದರೆ 'ಪ್ಲೀಸ್ ಫೈಂಡ್ ಅಟ್ಯಾಚ್ಡ್', ಲಗತ್ತಿಸಿದ್ದು ನೋಡಿ ಅಂತ. ಲಗತ್ತಿಸಿದ್ದು ಮಾತ್ರ ಏನೂ ಇರುವುದಿಲ್ಲ. ಹೇಳಿದರೆ "ಹೌದಾ? ತಡೀರಿ" ಅಂತ ಮತ್ತೆ ಕಳಿಸುತ್ತಾರೆ, ಮತ್ತೆ ಫೋನ್, ಮತ್ತೆ ವಾಟ್ಸಾಪ್. ಈ ಸಲ ಬಿಲ್ಲಿನ ಫೋಟೋ ಇರುತ್ತದೆ, ಅಡ್ಡಡ್ಡ. ಜಿಎಸ್‌ಟಿ ನಂಬರ್ ಅಂದರೆ 15 ಅಂಕಿ, ಅಕ್ಷರ. ಅದರಲ್ಲಿ ಕಡೆಯ ನಾಲ್ಕು ಅವರ ಹೆಬ್ಬೆರಳಿನ ಕೆಳಗೆ.

ಪಕ್ಕದ ಟೇಬಲ್ಲಿಗೆ ಮೇಲ್ ಯಾಕೆ ಅಂತ ಬೈಯೋಣ ಅಂದರೆ ಚರಿತ್ರೆ ಅವರ ಕಡೆಗಿದೆ. 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬ ಅಮೆರಿಕದ ಎಂಜಿನಿಯರ್ ನೆಟ್‌ವರ್ಕಿನ ಮೇಲೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊಟ್ಟಮೊದಲ ಮೇಲ್ ಕಳಿಸಿದಾಗ ಆ ಎರಡೂ ಯಂತ್ರಗಳು ಅಕ್ಕಪಕ್ಕದಲ್ಲೇ ಇದ್ದವು. ವಿಳಾಸದ ನಡುವೆ ಆ್ಯಟ್ ಗುರುತು ಹಾಕಿದ್ದೂ ಅವರೇ. ಆ ಮೇಲ್‌ನಲ್ಲಿ ಏನು ಬರೆದಿದ್ದರು ಅಂದರೆ ಅವರಿಗೇ ನೆನಪಿರಲಿಲ್ಲ. ಕೀಬೋರ್ಡಿನ ಮೇಲಿನ ಸಾಲನ್ನು ಒತ್ತಿದ್ದಿರಬೇಕು ಅಂದಿದ್ದರಂತೆ. ಅಂದರೆ ಪಕ್ಕದವರಿಗೆ, ವಿಷಯವೇ ಇಲ್ಲದ ಮೇಲ್ ಕಳಿಸುವ ಪದ್ಧತಿ ಮೊದಲ ದಿನದಿಂದಲೇ ನಡೆದು ಬಂದಿದೆ. ಪುಣ್ಯಾತ್ಮ ಟಾಮ್ಲಿನ್‌ಸನ್ ಆಮೇಲೆ ಫೋನ್ ಮಾಡಿ "ಬಂತೇನ್ರಿ?" ಅಂದಿದ್ದನೋ ಇಲ್ಲವೋ.

ಕರೆಂಟು ಹೋದಾಗ ಸಾಹೇಬರನ್ನು ನೋಡಬೇಕು. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1,720 ಮೆಗಾವ್ಯಾಟಿನ ಶಾಖೋತ್ಪನ್ನ ಸ್ಥಾವರ ಇದೆ. ರಾಜ್ಯಕ್ಕೆ ಬೆಳಕು ಕೊಡುವ ಊರಿನವರು ನಾವು ಎಂಬ ಹೆಮ್ಮೆಯನ್ನು ಬೆವರು ಒರೆಸಿಕೊಳ್ಳುತ್ತಲೇ ಪಡುತ್ತೇವೆ. ನಮ್ಮ ಕಂಪ್ಯೂಟರುಗಳಿಗೆ ಯುಪಿಎಸ್ ಇದೆ, ವೈಫೈ ಡಬ್ಬಿಗೆ ಇಲ್ಲ. ಹೀಗಾಗಿ ಮೇಲ್ ಬರೆಯಬಹುದು, ಕಳಿಸುವಂತಿಲ್ಲ. ಹೋದ ವಾರ ಹೀಗೇ ಆಯಿತು. ಸಾಹೇಬರು ಸೆಂಡ್ ಒತ್ತಿದರು, ಅದು ಔಟ್‌ಬಾಕ್ಸ್‌ನಲ್ಲಿ ಕೂತುಬಿಟ್ಟಿತು. ಅವರಿಗೆ ತಡೆಯಲಾಗಲಿಲ್ಲ. ಕುರ್ಚಿ ನನ್ನ ಕಡೆ ತಿರುಗಿಸಿದರು.

"ಮೇಡಂ, ಮೇಲ್ ಹಾಕೀನಿ, ಹೊರಗ ಹೋಗವಲ್ದು. ಅಷ್ಟ್ರಾಗ ಹೇಳಿಬಿಡ್ತೀನಿ, ಕೇಳ್ರಿ. ಆ ಚೀಲದವ ರೇಟ್ ಜಾಸ್ತಿ ಹಾಕ್ಯಾನ. ಪೇಮೆಂಟ್ ತಡೀರಿ."

"ಆತ್ರಿ ಸರ್, ತಡೀತೀನಿ."

ಮುಗಿಯಿತು. ಫೋನ್ ಇಲ್ಲ, ಫೋಟೋ ಇಲ್ಲ, ಹೆಬ್ಬೆರಳು ಇಲ್ಲ. ಇಬ್ಬರಿಗೂ ಅರ್ಥವಾಯಿತು. ಕರೆಂಟು ಇಲ್ಲದ ಆ ಹೊತ್ತಿನಲ್ಲಿ ನಮ್ಮ ಆಫೀಸಿನಲ್ಲಿ ಎಷ್ಟು ಕೆಲಸ ಆಯಿತು ಅಂದರೆ ಮ್ಯಾನೇಜರ್ ಗಾಬರಿಯಾಗಿ ಹೊರಗೆ ಬಂದು ನೋಡಿದರು.

ಕರೆಂಟು ಬಂತು. ಮೇಲ್ ಹೋಯಿತು. ಅದನ್ನು ಓದಿ ನನಗೆ ತಲೆ ತಿರುಗಿತು. 'ಡಿಯರ್ ಮೇಡಂ, ಯು ಆರ್ ಹಿಯರ್‌ಬೈ ಇನ್‌ಸ್ಟ್ರಕ್ಟೆಡ್ ಟು ವಿತ್‌ಹೋಲ್ಡ್... ಎನಿ ಲ್ಯಾಪ್ಸ್ ಆನ್ ದ ಪಾರ್ಟ್ ಆಫ್ ಅಕೌಂಟ್ಸ್ ವಿಲ್ ಬಿ ವ್ಯೂಡ್ ಸೀರಿಯಸ್ಲಿ. ಕೈಂಡ್ಲಿ ಡು ದ ನೀಡ್‌ಫುಲ್.' ಸಿಸಿಯಲ್ಲಿ, ಅಂದರೆ ಪ್ರತಿ ಹೋಗುವವರ ಸಾಲಿನಲ್ಲಿ, ಮ್ಯಾನೇಜರ್, ಹೆಡ್ ಆಫೀಸ್, ಆಡಿಟರ್. ಈಗಷ್ಟೇ ನನ್ನ ಜೊತೆ ಮಂಡಕ್ಕಿ ಒಗ್ಗರಣಿ ಹಂಚಿಕೊಂಡು ತಿಂದ ಮನುಷ್ಯ! ಬಾಯಲ್ಲಿ ಇಷ್ಟು ಮೆತ್ತಗಿರುವವರು ಇಂಗ್ಲಿಷಿಗೆ ಇಳಿದ ತಕ್ಷಣ ಕೋಟು ಹಾಕಿಕೊಂಡ ಬ್ರಿಟಿಷ್ ಕಲೆಕ್ಟರ್ ಆಗಿಬಿಡುತ್ತಾರೆ. ನಾನು ಮುಖ ಊದಿಸಿಕೊಂಡು ಕೂತದ್ದು ನೋಡಿ ಅವರೇ ಫೋನ್ ಮಾಡಿದರು. ಪಕ್ಕದಿಂದ.

"ಮನಸಿಗೆ ಹಚ್ಕೋಬ್ಯಾಡ್ರಿ ಮೇಡಂ. ಅದು ಆಫೀಸಿನ ಸಲುವಾಗಿ ಬರದದ್ದು."

ಇದೇ ನೋಡಿ ನಮ್ಮಲ್ಲಿರುವ ರೋಗ. ಮೇಲ್ ಬರೆಯುವುದು ಏನನ್ನೋ ತಿಳಿಸಲು ಅಲ್ಲ. ತಿಳಿಸುವುದೆಲ್ಲ ಬಾಯಲ್ಲೇ ಆಗಿರುತ್ತದೆ. ಮೇಲ್ ಏನಿದ್ದರೂ ಸಾಕ್ಷಿಗೆ. ನಾಳೆ ಏನಾದರೂ ಎಡವಟ್ಟಾದರೆ 'ನಾನು ಮೇಲ್ ಹಾಕಿದ್ದೆ' ಅನ್ನಬೇಕಲ್ಲ, ಅದಕ್ಕೆ. ಸಿಸಿಯಲ್ಲಿರುವ ಹೆಸರುಗಳು ಓದುಗರಲ್ಲ, ಪಂಚರು. ಸುಮ್ನೆ ಪಂಚನಾಮೆಗೆ ಕರೆದು ನಿಲ್ಲಿಸಿದ್ದಾರೆ, ಪಾಪ.

ಜಿಮೇಲ್‌ನಲ್ಲಿ ಕಳಿಸಿದ ಮೇಲ್ ವಾಪಸ್ ಎಳೆದುಕೊಳ್ಳಲು 5ರಿಂದ 30 ಸೆಕೆಂಡು ಸಮಯ ಇಟ್ಟುಕೊಳ್ಳಬಹುದು. ಸೆಟ್ಟಿಂಗ್ಸ್‌ಗೆ ಹೋಗಿ 30 ಮಾಡಿಕೊಳ್ಳಿ, ಬಹಳ ಉಪಯೋಗ. ಸಾಹೇಬರ ಕಂಪ್ಯೂಟರಿನಲ್ಲಿ ನಾನೇ ಮಾಡಿಕೊಟ್ಟಿದ್ದೇನೆ. ಆದರೆ ಅವರ ಸಿಟ್ಟು ಇಳಿಯಲು ಒಂದು ಕಪ್ ಚಹಾ ಬೇಕು. 30 ಸೆಕೆಂಡಿಗೆ ನಮ್ಮಲ್ಲಿ ಚಹಾ ಬರುವುದಿಲ್ಲ.

ಬಿಲ್ಲಿಗಾಗಿ ತಡಕಾಡುವಾಗ ಇನ್ನೊಂದು ಮೇಲ್ ಕಣ್ಣಿಗೆ ಬಿತ್ತು. ನಾನು ಸೇರಿದ ಹೊಸತರಲ್ಲಿ ನಮ್ಮ ಸೀನಿಯರ್ ಅಕೌಂಟೆಂಟ್ ಕಳಿಸಿದ್ದು. ವಿಷಯದ ಜಾಗದಲ್ಲೇ 'ಮಿರ್ಚಿ ಬಂದಾವ. ಬಿಸಿ ಅದಾವ. ಬರ್ರಿ' ಅಂತ ಬರೆದಿದ್ದರು. ಒಳಗೆ ಖಾಲಿ. ಸಿಸಿ ಇಲ್ಲ. ಲಗತ್ತು ಇಲ್ಲ. ಓದಲು ತೆರೆಯುವ ಅಗತ್ಯವೂ ಇಲ್ಲ. ಯಾರಿಗೆ ಬೇಕೋ ಅವರಿಗಷ್ಟೇ ಹೋಗಿತ್ತು, ಅಂದರೆ ಮ್ಯಾನೇಜರ್ ಬಿಟ್ಟು ಎಲ್ಲರಿಗೂ. ಆಫೀಸಿನಲ್ಲಿ ನನಗೆ ಬಂದ ಮೇಲ್‌ಗಳಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ಅವರ ಕೆಲಸದ ಮೇಲ್‌ಗಳೂ ಹಾಗೇ ಇರುತ್ತಿದ್ದವು. ಒಂದು ಮೇಲ್‌ಗೆ ಒಂದೇ ವಿಷಯ. ಯಾವ ಬಿಲ್ಲು, ಎಷ್ಟು ದುಡ್ಡು, ಯಾವತ್ತಿಗೆ ಬೇಕು, ಮುಗೀತು. ಈಗ ರಿಟೈರ್ ಆಗಿ ಸಿಂಧನೂರು ಕಡೆ ಹೊಲ ನೋಡಿಕೊಂಡಿದ್ದಾರೆ. ಆ ಮೇಲ್‌ಗೆ 'ಬಂದೆ ಸರ್' ಅಂತ ಉತ್ತರ ಒತ್ತಿ ಕಳಿಸಿದೆ. ವಿಳಾಸ ಇಲ್ಲ ಅಂತ ವಾಪಸ್ ಬಂತು. ಕಂಪ್ಯೂಟರಿನವರು ಹೆಸರು ಅಳಿಸಿದ್ದಾರೆ. ಸ್ವಲ್ಪ ಹೊತ್ತು ಮನಸ್ಸಿಗೆ ಏನೋ ಆಯಿತು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಕೂಲರಿನ ಬಗ್ಗೆ 'ಜೆಂಟಲ್ ರಿಮೈಂಡರ್' ಬಂತು.

ನಿನ್ನೆ ಧೈರ್ಯ ಮಾಡಿ ಸಾಹೇಬರ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ಸರ್, ಬೇಜಾರಾಗಬ್ಯಾಡ್ರಿ ಅಂತ ಶುರು ಮಾಡಿ ಎಲ್ಲ ಹೇಳಿದೆ. ಹೊಸ ವಿಷಯಕ್ಕೆ ಹೊಸ ಮೇಲ್ ಬರೀರಿ, ಸ್ವೀಟ್ ಬಾಕ್ಸ್ ಸಾಕು ಮಾಡ್ರಿ. ಮೊದಲು ಬಿಲ್ಲು ಲಗತ್ತಿಸಿ, ಆಮೇಲೆ ಪಿಎಫ್‌ಎ ಬರೀರಿ. ಫೋಟೋ ತೆಗೆಯುವಾಗ ಹೆಬ್ಬೆರಳು ಆಚೆ ಇಡ್ರಿ. ಆಡಿಟರಿಗೆ ಸಿಸಿ ಹಾಕಬ್ಯಾಡ್ರಿ, ಅವರು ಪ್ರಶ್ನೆ ಕೇಳುತ್ತಾರೆ. ಮೇಲ್ ಕಳಿಸಿದ ಮೇಲೆ ಫೋನ್ ಬ್ಯಾಡ್ರಿ, ನಾನು ನೋಡೇ ನೋಡ್ತೀನಿ.

ಅವರು ಒಂದು ಮಾತೂ ಆಡದೆ ಕೇಳಿದರು. ನಡುವೆ ನನಗೆ ಚಹಾ ತರಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. ನಿಜವಾಗಿಯೂ ಅವರಿಗೆ ನಾಟಿದ ಹಾಗಿತ್ತು.

"ಬಾಳ ಚಲೋ ಹೇಳಿದ್ರಿ ಮೇಡಂ. ಇಷ್ಟು ಬಿಡಿಸಿ ಯಾರೂ ಹೇಳಿದ್ದಿಲ್ಲ. ಎಲ್ಲಾರಿಗೂ ಗೊತ್ತಾಗಬೇಕಾದ ಮಾತು ಇದು. ಒಂದು ಕೆಲಸ ಮಾಡ್ರಿ, ಇದನ್ನೆಲ್ಲ ಒಂದು ಮೇಲ್ ಹಾಕಿಬಿಡ್ರಿ, ಡಿಯರ್ ಆಲ್ ಅಂತ."

ನಾನು ನನ್ನ ಕುರ್ಚಿಗೆ ವಾಪಸ್ ಬಂದೆ. ಕೂತಿದ್ದೆನೋ ಇಲ್ಲವೋ, ಫೋನ್ ರಿಂಗ್ ಆಯಿತು.

"ಮೇಡಂ, ಹಾಕಿದ ಮ್ಯಾಲ ನನಗ ಒಂದು ಫೋನ್ ಮಾಡ್ರಿ. ಇಲ್ಲಾಂದ್ರ ನಾ ನೋಡಂಗಿಲ್ಲ."