ಸಮಾನತೆಗೂ ಎಕ್ಸ್‌ಪೈರಿ ಡೇಟ್

ಅಮೆರಿಕದ ಸಂವಿಧಾನಕ್ಕೆ ಎಷ್ಟು ತಿದ್ದುಪಡಿ ಆಗಿದೆ ಅಂತ ಯಾರಾದರೂ ಕೇಳಿದರೆ ತಟ್ಟನೆ ಉತ್ತರ ಕೊಡಬೇಡಿ. ಯಾರ ಲೆಕ್ಕ ಬೇಕು ಅಂತ ಮೊದಲು ವಿಚಾರಿಸಿ. 2025ರ ಜನವರಿ 17ರಂದು ಅಧ್ಯಕ್ಷ ಜೋ ಬೈಡನ್ ಅವರ ಲೆಕ್ಕದಲ್ಲಿ 28. ಅದೇ ದಿನ, ಅದೇ ಊರಿನ ರಾಷ್ಟ್ರೀಯ ಪತ್ರಾಗಾರದ ಲೆಕ್ಕದಲ್ಲಿ 27. ಒಬ್ಬರು ದೇಶದ ಯಜಮಾನರು. ಇನ್ನೊಬ್ಬರು ದೇಶದ ಕಾಗದಪತ್ರ ಕಾಯುವವರು, ತಿದ್ದುಪಡಿಗೆ ಕೊನೆಯ ಠಸ್ಸೆ ಒತ್ತುವವರು. ಗೆದ್ದವರು ಯಾರು ಅಂತ ತಾಲ್ಲೂಕು ಕಚೇರಿಗೆ ಒಮ್ಮೆಯಾದರೂ ಹೋಗಿ ಬಂದ ಯಾರಿಗೂ ಹೇಳಬೇಕಾಗಿಲ್ಲ.

ಜಗಳಕ್ಕೆ ಬಿದ್ದ ಆ 28ನೆಯದು ಹೆಂಗಸರದ್ದು. ಸಮಾನ ಹಕ್ಕುಗಳ ತಿದ್ದುಪಡಿ ಅಂತ ಹೆಸರು. ಅಲ್ಲಿಯವರು ಚಿಕ್ಕದಾಗಿ ಇಆರ್‌ಎ ಅನ್ನುತ್ತಾರೆ. ಅದರ ಮುಖ್ಯ ಸಾಲು ಇಂಗ್ಲಿಷಿನಲ್ಲಿ ಬರೀ 24 ಪದ. ಗಂಡು ಹೆಣ್ಣು ಎಂಬ ಕಾರಣಕ್ಕೆ ಕಾನೂನಿನ ಸಮಾನ ಹಕ್ಕನ್ನು ದೇಶವಾಗಲಿ ರಾಜ್ಯವಾಗಲಿ ಯಾರಿಗೂ ತಪ್ಪಿಸುವ ಹಾಗಿಲ್ಲ, ಅಷ್ಟೇ ಅದರ ಅರ್ಥ. ಮದುವೆ ಕರೆಯೋಲೆಯಲ್ಲಿ ಇದಕ್ಕಿಂತ ಜಾಸ್ತಿ ಪದ ಇರುತ್ತವೆ. ಆದರೆ ಈ ಮಾತು ಹೊತ್ತ ಕಾಗದ ನೂರು ವರ್ಷದಿಂದ ಟೇಬಲ್ಲಿಂದ ಟೇಬಲ್ಲಿಗೆ ಓಡಾಡುತ್ತಲೇ ಇದೆ.

ಹೆಂಗಸರಿಗೆ ಮತ ಹಾಕುವ ಹಕ್ಕು ಬಂದದ್ದು 1920ರಲ್ಲಿ. ಮೂರೇ ವರ್ಷಕ್ಕೆ, 1923ರಲ್ಲಿ, ಆಲಿಸ್ ಪಾಲ್ ಎಂಬ ಹೋರಾಟಗಾರ್ತಿ ಈ ತಿದ್ದುಪಡಿಯ ಮೊದಲ ಕರಡು ಬರೆದರು. ಅದೇ ವರ್ಷ ಕಾಂಗ್ರೆಸ್ಸಿನಲ್ಲಿ ಮಂಡನೆಯೂ ಆಯಿತು. (ಕಾಂಗ್ರೆಸ್ ಅಂದರೆ ಅಲ್ಲಿನ ಸಂಸತ್ತು. ನಮ್ಮ ಪಕ್ಷ ಅಲ್ಲ, ಗಾಬರಿ ಬೇಡ.) ಅದೇ 1923ರಲ್ಲಿ ಇಮ್ಯಾನುಯೆಲ್ ಸೆಲ್ಲರ್ ಎಂಬ ಮಹಾಶಯರೂ ಸದಸ್ಯರಾಗಿ ಒಳಗೆ ಬಂದರು. ಮುಂದೆ ಇವರು ನ್ಯಾಯಾಂಗ ಸಮಿತಿಗೆ ಅಧ್ಯಕ್ಷರಾದರು. ಇಆರ್‌ಎ ಆ ಸಮಿತಿಯ ಬಾಗಿಲು ದಾಟಿಯೇ ಹೋಗಬೇಕು. ಸೆಲ್ಲರ್ ಸಾಹೇಬರು 20 ವರ್ಷಕ್ಕೂ ಜಾಸ್ತಿ ಕಾಲ ಅದರ ಮೇಲೆ ಒಂದು ವಿಚಾರಣೆಯನ್ನೂ ಇಡಲಿಲ್ಲ. ಸುಮ್ನೆ ಕುಂಡಿ ಕೆಳಗೆ ಇಟ್ಟುಕೊಂಡು ಕೂತರು. ಕೊನೆಗೆ 1970ರಲ್ಲಿ ಮಾರ್ಥಾ ಗ್ರಿಫಿತ್ಸ್ ಎಂಬ ಸದಸ್ಯೆ ಸಹಿ ಸಂಗ್ರಹಿಸಿ ಅದನ್ನು ಎಳೆದು ಹೊರಗೆ ತರಬೇಕಾಯಿತು. ಎರಡು ವರ್ಷ ಬಿಟ್ಟು, ಹೆಚ್ಚುಕಡಿಮೆ 50 ವರ್ಷದ ಆ ಕುರ್ಚಿಯನ್ನು ಸೆಲ್ಲರ್ ತಮ್ಮದೇ ಪಕ್ಷದ ಒಳಚುನಾವಣೆಯಲ್ಲಿ ಕಳೆದುಕೊಂಡರು. ಸೋಲಿಸಿದ್ದು ಎಲಿಜಬೆತ್ ಹೋಲ್ಟ್ಸ್‌ಮನ್ ಎಂಬ ಎಳೆಯ ವಕೀಲೆ. ಇದನ್ನು ನಾನು ಕಥೆಯಲ್ಲಿ ಬರೆದಿದ್ದರೆ ಸಂಪಾದಕರು ಅತಿಯಾಯಿತು ಅಂತ ಹೊಡೆದು ಹಾಕುತ್ತಿದ್ದರು.

1972ರ ಮಾರ್ಚಿನಲ್ಲಿ ಕಾಂಗ್ರೆಸ್ಸಿನ ಮೇಲ್ಮನೆ ಸೆನೆಟ್ ಇದನ್ನು 84-8 ಮತಗಳಿಂದ ಪಾಸು ಮಾಡಿತು. ಇನ್ನು 50 ರಾಜ್ಯಗಳಲ್ಲಿ 38 ಹೂಂ ಅಂದರೆ ಸಾಕು. ಹವಾಯಿ ಅವತ್ತೇ ಹೂಂ ಅಂದಿತು. ಒಂದು ವರ್ಷ ಕಳೆಯುವಷ್ಟರಲ್ಲಿ 30 ರಾಜ್ಯ ಆಯಿತು. ಆದರೆ ಕಾಂಗ್ರೆಸ್ಸು ಒಂದು ಷರತ್ತು ಸೇರಿಸಿತ್ತು. ಏಳು ವರ್ಷದ ಒಳಗೆ ಎಲ್ಲ ಮುಗಿಯಬೇಕು. ಈ ಗಡುವು ತಿದ್ದುಪಡಿಯ ಒಳಗೂ ಇರಲಿಲ್ಲ, ಮೇಲಿನ ಮುನ್ನುಡಿಯಲ್ಲಿತ್ತು. ಯಾರೂ ಓದದ ಜಾಗ. ಟಿಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿ ಏನೋ ಅಚ್ಚಾಗಿರುತ್ತದಲ್ಲ, ಅಂಥದ್ದು.

ಅಷ್ಟರಲ್ಲಿ ಈ ತಿದ್ದುಪಡಿಯ ವಿರೋಧಿ ಫಿಲ್ಲಿಸ್ ಶ್ಲಾಫ್ಲಿ ಬಂದರು. ಈಕೆ ಊರೂರು ಸುತ್ತಿ, ವೇದಿಕೆ ಹತ್ತಿ, ಟಿವಿಯಲ್ಲಿ ಕೂತು, ಹೆಂಗಸಿನ ಜಾಗ ಮನೆ ಅಂತ ಭಾಷಣ ಮಾಡಿದರು. ನಡುವೆ ಬಿಡುವು ಮಾಡಿಕೊಂಡು ಕಾನೂನು ಪದವಿಯನ್ನೂ ಮುಗಿಸಿದರು. ಈಕೆಯ ಕಡೆಯವರು ಶಾಸಕರ ಬಳಿಗೆ ಮನೆಯಲ್ಲೇ ಸುಟ್ಟ ಬ್ರೆಡ್ಡು, ಮನೆಯಲ್ಲೇ ಕಾಯಿಸಿದ ಜಾಮ್ ತೆಗೆದುಕೊಂಡು ಹೋದರು. ಮತದಾರರಿಗೆ ಸೀರೆ ಹಂಚುವುದನ್ನು ನೋಡಿ ಬೆಳೆದ ನಮಗೆ ಶಾಸಕರಿಗೇ ಜಾಮ್ ಹಂಚುವ ಪದ್ಧತಿ ಸ್ವಲ್ಪ ಹೊಸದು. ಆದರೆ ಕೆಲಸ ಆಯಿತು. ಒಪ್ಪಿಗೆ ಕೊಡುವ ರಾಜ್ಯಗಳ ಸಾಲು ನಿಧಾನ ಆಯಿತು, ಆಮೇಲೆ 35ರಲ್ಲಿ ನಿಂತೇ ಹೋಯಿತು. ಐದು ರಾಜ್ಯಗಳು ಕೊಟ್ಟ ಒಪ್ಪಿಗೆಯನ್ನೂ ವಾಪಸ್ ಕೇಳಿದವು. ಗಡುವನ್ನು 1982ರ ಜೂನ್ 30ಕ್ಕೆ ಮುಂದೂಡಿದರು. ಆ ಮುಂದೂಡಿಕೆ ಮಂಡಿಸಿದ್ದೂ ಅದೇ ಹೋಲ್ಟ್ಸ್‌ಮನ್. ಆದರೂ 35 ಅಲ್ಲಾಡಲಿಲ್ಲ.

ಹೆದರಿಸಿದ್ದು ಏನೇನು ಹೇಳಿ ಅಂತೀರಾ? ಹುಡುಗಿಯರನ್ನು ಯುದ್ಧಕ್ಕೆ ಕಳಿಸುತ್ತಾರೆ ಅಂದರು. ಗಂಡ ಹೆಂಡತಿಯನ್ನು ಸಾಕಬೇಕಾಗಿಲ್ಲ ಅಂದರು. ಎಲ್ಲಕ್ಕಿಂತ ಜೋರಾಗಿ ಓಡಿದ್ದು ಟಾಯ್ಲೆಟ್ಟಿನ ಭಯ. ಈ ತಿದ್ದುಪಡಿ ಬಂದರೆ ಗಂಡಸರಿಗೂ ಹೆಂಗಸರಿಗೂ ಒಂದೇ ಟಾಯ್ಲೆಟ್!

ಇಲ್ಲಿ ಸ್ವಲ್ಪ ನಿಲ್ಲೋಣ, ವಿಷಯ ಚೆನ್ನಾಗಿದೆ. ದೇಶದ ಹೆಂಗಸರ ಟಾಯ್ಲೆಟ್ ಬಗ್ಗೆ ಇಷ್ಟು ಕಾಳಜಿಯಿಂದ ಚರ್ಚೆ ನಡೆಯುತ್ತಿದ್ದ ಕಾಲದಲ್ಲಿ ಅಮೆರಿಕದ ಕೆಳಮನೆಯ ಸಭಾಂಗಣದ ಪಕ್ಕದಲ್ಲಿ ಸದಸ್ಯೆಯರಿಗೆ ಟಾಯ್ಲೆಟ್ಟೇ ಇರಲಿಲ್ಲ. ಗಂಡಸರಿಗೆ ಇತ್ತು. ಅದರಲ್ಲಿ ಶೂ ಪಾಲಿಶ್ ಮಾಡಿಸುವ ಜಾಗ, ಕಲಾಪ ತೋರಿಸುವ ಟಿವಿ ಎಲ್ಲ ಇತ್ತು. ಸದಸ್ಯೆಯರು ಎದ್ದು, ಪ್ರವಾಸಿಗಳು ಗೈಡಿನ ಹಿಂದೆ ಗುಂಪುಗಟ್ಟಿ ನಿಂತ ಪ್ರತಿಮೆಗಳ ಹಾಲ್ ದಾಟಿ, ತಮ್ಮ ಕೊಠಡಿಗಳವರೆಗೆ ನಡೆದು, ಮತದಾನಕ್ಕೆ ಮುಂಚೆ ಅದೇ ದಾರಿಯಲ್ಲಿ ಓಡಿ ಬರಬೇಕಿತ್ತು. ಜೆನೆಟ್ ರ‍್ಯಾಂಕಿನ್ ಎಂಬ ಮೊದಲ ಸದಸ್ಯೆ ಒಳಗೆ ಕಾಲಿಟ್ಟದ್ದು 1917ರಲ್ಲಿ. ಸಭಾಂಗಣದ ಪಕ್ಕದಲ್ಲಿ ಮಹಿಳೆಯರ ಟಾಯ್ಲೆಟ್ ಬಂದದ್ದು 2011ರಲ್ಲಿ. ಲೆಕ್ಕ ಹಾಕಿ. ಅಷ್ಟು ಹೊತ್ತಿಗೆ ಚಂದ್ರನ ಮೇಲೆ ಕಾಲಿಟ್ಟು 42 ವರ್ಷ ಆಗಿತ್ತು.

ಜಾಗದ ಅಭಾವ ಅಂದುಕೊಳ್ಳಬೇಡಿ. ಆ ಕಟ್ಟಡದಲ್ಲಿ ಜಾಗ ಬೇಕಾದಷ್ಟಿದೆ. 1921ರಲ್ಲಿ ಮತದ ಹಕ್ಕಿಗೆ ಹೋರಾಡಿದ ಮೂವರು ಹೆಂಗಸರ ಅಮೃತಶಿಲೆ ಪ್ರತಿಮೆಯನ್ನು ಕಾಂಗ್ರೆಸ್ಸಿಗೆ ಉಡುಗೊರೆ ಕೊಟ್ಟರು. ನಡುಮನೆಯ ದೊಡ್ಡ ಗುಮ್ಮಟದ ಕೆಳಗೆ ಸಮಾರಂಭ ಆಯಿತು, ಭಾಷಣ ಆಯಿತು. ಸಮಾರಂಭ ಮುಗಿದದ್ದೇ ತಡ, ಮೂರೂ ಜನರನ್ನು ನೆಲಮಾಳಿಗೆಗೆ ಇಳಿಸಿದರು. ಪ್ರತಿಮೆಯ ಮೇಲಿದ್ದ ಬರಹ ಸ್ವಲ್ಪ ಖಾರವಾಗಿತ್ತು ಅಂತ ಅದಕ್ಕೆ ಸುಣ್ಣ ಬಳಿದರು. ಮತ್ತೆ ಮೇಲೆ ತಂದದ್ದು 1997ರಲ್ಲಿ. ಅದಕ್ಕೂ ಸರ್ಕಾರದ ದುಡ್ಡು ಕೊಡಲಿಲ್ಲ, ಖಾಸಗಿ ಚಂದಾ ಎತ್ತಬೇಕಾಯಿತು. ಪ್ರಪಂಚದ ಅತಿ ಶ್ರೀಮಂತ ದೇಶದ ಸಂಸತ್ತು, ಸ್ವಾಮಿ. ಒಂದು ಕಲ್ಲನ್ನು ಒಂದು ಮಹಡಿ ಮೇಲಕ್ಕೆ ಎತ್ತಲು ಚಂದಾ ಪಟ್ಟಿ.

ಮತ್ತೆ ನಮ್ಮ ಕಾಗದಕ್ಕೆ ಬರೋಣ. 1982ಕ್ಕೆ ಗಡುವು ಮುಗಿಯಿತು, ಇಆರ್‌ಎ ಸತ್ತಿತು ಅಂತ ಎಲ್ಲರೂ ಅಂದುಕೊಂಡರು. ಅದೇ 1982ರಲ್ಲಿ ಟೆಕ್ಸಸ್‌ನಲ್ಲಿ ಗ್ರೆಗರಿ ವಾಟ್ಸನ್ ಎಂಬ ಕಾಲೇಜು ಹುಡುಗ ಒಂದು ಪ್ರಬಂಧ ಬರೆದ. 1789ರಲ್ಲಿ ಕಾಂಗ್ರೆಸ್ಸು ರಾಜ್ಯಗಳಿಗೆ ಕಳಿಸಿದ್ದ ಇನ್ನೊಂದು ತಿದ್ದುಪಡಿ ಇನ್ನೂ ಬಾಕಿ ಬಿದ್ದಿದೆ, ಗಡುವು ಇಲ್ಲದ್ದರಿಂದ ಅದಕ್ಕೆ ಈಗಲೂ ಜೀವ ಇದೆ ಅಂತ ಅವನ ವಾದ. ಪ್ರಬಂಧಕ್ಕೆ ಸಿ ಗ್ರೇಡ್ ಸಿಕ್ಕಿತು. ಸಿಟ್ಟಿಗೆ ಬಿದ್ದ ಹುಡುಗ ರಾಜ್ಯ ರಾಜ್ಯಕ್ಕೆ ಕಾಗದ ಬರೆದ. ರಾಜ್ಯಗಳು ಒಂದೊಂದಾಗಿ ಒಪ್ಪಿದವು. 1992ರಲ್ಲಿ ಅದು ಸಂವಿಧಾನ ಸೇರಿಯೇಬಿಟ್ಟಿತು. 27ನೇ ತಿದ್ದುಪಡಿ ಅಂದರೆ ಅದೇ. 202 ವರ್ಷ ತೆಗೆದುಕೊಂಡಿತು. ಪತ್ರಾಗಾರದವರು ತಕರಾರಿಲ್ಲದೆ ಠಸ್ಸೆ ಒತ್ತಿದರು. (2017ರಲ್ಲಿ ಅವನ ಗ್ರೇಡನ್ನೂ ಎ ಮಾಡಿದರಂತೆ. ಅದಕ್ಕೂ ಗಡುವು ಇರಲಿಲ್ಲ ನೋಡಿ.)

ಅದು ಯಾವುದರ ಬಗ್ಗೆ ಅಂತ ಹೇಳಲಿಲ್ಲ ಅಲ್ವಾ? ಕಾಂಗ್ರೆಸ್ ಸದಸ್ಯರ ಸಂಬಳದ ಬಗ್ಗೆ.

ಸಂಬಳದ ಮಾತು 202 ವರ್ಷ ಇಟ್ಟರೂ ಹಳಸುವುದಿಲ್ಲ. ಹೆಂಗಸರ ಮಾತು ಹತ್ತೇ ವರ್ಷಕ್ಕೆ ಹಳಸುತ್ತದೆ. ನೆವಾಡ 2017ರಲ್ಲಿ, ಇಲಿನಾಯ್ 2018ರಲ್ಲಿ, ವರ್ಜೀನಿಯಾ 2020ರ ಜನವರಿಯಲ್ಲಿ ಇಆರ್‌ಎಗೆ ಒಪ್ಪಿಗೆ ಕೊಟ್ಟವು. 35 ಮತ್ತು 3 ಕೂಡಿದರೆ 38. ಲೆಕ್ಕ ಸರಿಹೋಯಿತು. ಆದರೆ ಟ್ರಂಪ್ ಸರ್ಕಾರದ ನ್ಯಾಯ ಇಲಾಖೆ, ಡೇಟು ಮುಗಿದಿದೆ ಅಂತ ಷರಾ ಬರೆಯಿತು. ನಮ್ಮ ಕಡೆ ಒಂದು ಕಾಲದಲ್ಲಿ ರಾತ್ರಿ ಬಾಗಿಲು ತಟ್ಟುವ ಹೆಣ್ಣು ದೆವ್ವಕ್ಕೆ ಹೆದರಿ ಗೋಡೆ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ದೆವ್ವ ಅದನ್ನು ಓದಿಕೊಂಡು ವಾಪಸ್ ಹೋಗುತ್ತಿತ್ತಂತೆ. ವಾಷಿಂಗ್ಟನ್‌ನವರು ನಮಗಿಂತ ಮುಂದುವರಿದವರು. ಮೊದಲ 50 ವರ್ಷ ‘ನಾಳೆ ಬಾ’ ಅಂದರು. ಆಮೇಲೆ ಬೋರ್ಡ್ ಬದಲಾಯಿಸಿ ‘ನಿನ್ನೆ ಬರಬೇಕಿತ್ತು’ ಅಂತ ಬರೆದರು.

ಬೈಡನ್ ಅವರ ಪ್ರವೇಶ ಇದರ ಕೊನೆಯ ಅಂಕ. ನಾಲ್ಕು ವರ್ಷ ಅಧಿಕಾರದಲ್ಲಿದ್ದರು. ಇನ್ನು ಮೂರು ದಿನ ಬಾಕಿ ಇದ್ದಾಗ, ಇಆರ್‌ಎ ಈ ದೇಶದ ಕಾನೂನಾಗಿದೆ ಅಂತ ಹೇಳಿಕೆ ಕೊಟ್ಟರು. ಹಾಗಾದರೆ ಅಚ್ಚು ಹಾಕಿಸಿ ಅಂತ ಪತ್ರಾಗಾರಕ್ಕೆ ಆದೇಶ ಕೊಟ್ಟರೇ? ಇಲ್ಲ. ಪತ್ರಾಗಾರದ ಮುಖ್ಯಸ್ಥರು ಒಂದು ತಿಂಗಳ ಹಿಂದೆಯೇ ಇದು ಕಾನೂನಿನ ಪ್ರಕಾರ ಆಗದ ಕೆಲಸ ಅಂತ ತಿಳಿಸಿದ್ದರು. ಆ ಮುಖ್ಯಸ್ಥರು ಕೊಲೀನ್ ಶೋಗನ್. ಆ ಹುದ್ದೆಗೆ ಕಾಯಂ ಆಗಿ ನೇಮಕವಾದ ಮೊದಲ ಮಹಿಳೆ. ಹೆಂಗಸರ ಕಾಗದಕ್ಕೆ ಇಲ್ಲ ಅನ್ನುವ ಕೆಲಸವೂ ಕೊನೆಗೆ ಹೆಂಗಸಿನ ಪಾಲಿಗೇ ಬಂತು. ಇದಕ್ಕೆ ಪ್ರಾತಿನಿಧ್ಯ ಅನ್ನೋಣವೇ?

ಇಷ್ಟೆಲ್ಲ ಯಾಕೆ, ಅಲ್ಲಿ ಹೆಂಗಸರು ಹೇಗೂ ಸಮಾನರಾಗಿಯೇ ಇದ್ದಾರಲ್ಲ ಅನ್ನುವವರಿದ್ದಾರೆ. ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಸ್ಕಲಿಯಾ 2011ರ ಒಂದು ಸಂದರ್ಶನದಲ್ಲಿ ನೇರವಾಗಿಯೇ ಹೇಳಿದ್ದರು, ಲಿಂಗ ತಾರತಮ್ಯವನ್ನು ಸಂವಿಧಾನ ನಿಷೇಧಿಸಿಲ್ಲ ಅಂತ. ಕಹಿ ಮಾತು, ಆದರೆ ಬಾಯಿ ಬಿಟ್ಟು ಹೇಳಿದರು. ಸಂವಿಧಾನದಲ್ಲಿ ಆ ಸಾಲು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಬ್ಬ ರೈತ ಮತ್ತು ಒಬ್ಬ ವಿದ್ಯಾರ್ಥಿನಿಯ ಕೇಸು ನೋಡಿ.

ರೈತ ಓಹಾಯೋದ ರಾಸ್ಕೊ ಫಿಲ್ಬರ್ನ್. ಸರ್ಕಾರ 11 ಎಕರೆ ಚಿಲ್ಲರೆಯಲ್ಲಿ ಗೋಧಿ ಬೆಳೆಯಬಹುದು ಅಂದಿತ್ತು, ಈತ 23 ಎಕರೆಯಲ್ಲಿ ಬೆಳೆದ. ಜಾಸ್ತಿ ಬೆಳೆದದ್ದು ನನ್ನ ಮನೆಗೆ, ನನ್ನ ಕೋಳಿಗೆ, ದನಕ್ಕೆ ಅಂತ ವಾದಿಸಿದ. 1942ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನೀನು ಬೆಳೆದು ತಿಂದರೆ ಅಷ್ಟು ಗೋಧಿಯನ್ನು ಅಂಗಡಿಯಲ್ಲಿ ಕೊಳ್ಳುವುದಿಲ್ಲ, ಹಾಗಾಗಿ ಇದು ಅಂತರರಾಜ್ಯ ವ್ಯಾಪಾರದ ವಿಷಯ, ಕಾಂಗ್ರೆಸ್ಸು ಕಾನೂನು ಮಾಡಬಹುದು ಅಂದಿತು. ಮುಂದೆ 1994ರಲ್ಲಿ ಕಾಂಗ್ರೆಸ್ಸು ಮಹಿಳೆಯರ ಮೇಲಿನ ದೌರ್ಜನ್ಯದ ವಿರುದ್ಧ ಒಂದು ಕಾನೂನು ತಂದಿತು. ಮುಂದೆ ನಿಂತು ಬರೆಸಿದ್ದು ಆಗ ಸೆನೆಟರ್ ಆಗಿದ್ದ ಇದೇ ಬೈಡನ್. ದೌರ್ಜನ್ಯಕ್ಕೆ ಒಳಗಾದವಳು ಆರೋಪಿಯ ಮೇಲೆ ಫೆಡರಲ್ ಕೋರ್ಟಿನಲ್ಲಿ ಪರಿಹಾರದ ದಾವೆ ಹೂಡಬಹುದು ಅಂತ ಅದರಲ್ಲಿ ಒಂದು ಅವಕಾಶ ಇತ್ತು. ನೆಟ್ಟಗೆ ಹಿಡಿದುಕೊಳ್ಳಲು ಸಮಾನತೆಯ ಸಾಲು ಇಲ್ಲವಲ್ಲ. ಅದಕ್ಕೇ ಹೆಂಗಸರ ಸುರಕ್ಷತೆಗೆ ವ್ಯಾಪಾರದ ಕಲಮಿನ ಆಸರೆ ಹಿಡಿಯಬೇಕಾಯಿತು. ರಾಜ್ಯಗಳು ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡಬೇಕು ಅನ್ನುವ 14ನೇ ತಿದ್ದುಪಡಿಯನ್ನೂ ಜೊತೆಗಿಟ್ಟುಕೊಂಡರು. ವರ್ಜೀನಿಯಾದ ಕಾಲೇಜು ಹುಡುಗಿಯೊಬ್ಬಳು ಅತ್ಯಾಚಾರದ ಆರೋಪ ಹೊರಿಸಿ ದಾವೆ ಹೂಡಿದಳು. 2000ದಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಆ ಅವಕಾಶವನ್ನೇ ಕಿತ್ತುಹಾಕಿತು. ಇಂಥ ಅಪರಾಧ ಆರ್ಥಿಕ ಚಟುವಟಿಕೆ ಅಲ್ಲ, 14ನೇ ತಿದ್ದುಪಡಿ ಅನ್ವಯಿಸುವುದು ಸರ್ಕಾರದ ನಡೆಗೆ, ಖಾಸಗಿ ವ್ಯಕ್ತಿಗೆ ಅಲ್ಲ ಅಂತ ತೀರ್ಪು.

ಕೋಳಿ ತಿನ್ನುವ ಗೋಧಿ ವ್ಯಾಪಾರ. ಹೆಂಗಸಿನ ಮೇಲಿನ ದಾಳಿ ವ್ಯಾಪಾರ ಅಲ್ಲ. ಇಆರ್‌ಎ ಇದ್ದಿದ್ದರೆ ಆ ಹುಡುಗಿ ಗೆಲ್ಲುತ್ತಿದ್ದಳೇ ಅನ್ನುವುದರಲ್ಲಿ ವಕೀಲರಿಗೆ ಒಮ್ಮತ ಇಲ್ಲ. ಆದರೆ ಕೋಳಿಕಾಳಿನ ಪಕ್ಕದಲ್ಲಿ ನಿಂತು ವಾದಿಸುವ ಗತಿಯಂತೂ ಬರುತ್ತಿರಲಿಲ್ಲ.

ಹಳೆಯದೆಲ್ಲ ಅವಧಿ ಮೀರುತ್ತದೆ ಅಂತಲೂ ಇಲ್ಲ. 2022ರಲ್ಲಿ ಗರ್ಭಪಾತದ ಹಕ್ಕನ್ನು ಸುಪ್ರೀಂ ಕೋರ್ಟು ತೆಗೆದುಹಾಕಿತಲ್ಲ, ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಅಲಿಟೊ ಆಧಾರಕ್ಕೆ ಕರೆತಂದವರಲ್ಲಿ ಮ್ಯಾಥ್ಯೂ ಹೇಲ್ ಒಬ್ಬ. 17ನೇ ಶತಮಾನದ ಇಂಗ್ಲೆಂಡಿನ ಜಡ್ಜು. 1662ರಲ್ಲಿ ಇವನ ಕೋರ್ಟಿನಲ್ಲಿ ಇಬ್ಬರು ವಿಧವೆಯರನ್ನು ಮಾಟಗಾತಿಯರು ಅಂತ ತೀರ್ಮಾನಿಸಿ ಗಲ್ಲಿಗೆ ಹಾಕಿದರು. ಗಂಡ ಹೆಂಡತಿಯ ಮೇಲೆ ಮಾಡಿದ್ದು ಅತ್ಯಾಚಾರ ಆಗುವುದೇ ಇಲ್ಲ ಅಂತ ಬರೆದಿಟ್ಟವನೂ ಇವನೇ. ಇವನ ಮಾತಿಗೆ ಗಡುವು ಇಲ್ಲ.

ಹಾಗಂತ ಅಮೆರಿಕಕ್ಕೆ ಸಮಾನತೆಯ ಸಾಲು ಬರೆಯಲು ಬರುವುದಿಲ್ಲ ಅನ್ನಬೇಡಿ. ರಫ್ತಿಗಾದರೆ ಬಹಳ ಚೆನ್ನಾಗಿ ಬರೆಯುತ್ತಾರೆ. 1946ರಲ್ಲಿ ಸೋತ ಜಪಾನಿಗೆ ಜನರಲ್ ಮೆಕಾರ್ಥರ್ ಕಚೇರಿಯವರು ಸಂವಿಧಾನದ ಕರಡು ಬರೆದರು, ಒಂದೇ ವಾರದಲ್ಲಿ. ಅದರಲ್ಲಿ ಹೆಂಗಸರ ಹಕ್ಕಿನ ಭಾಗ ಬರೆದದ್ದು ಬಿಯಾಟೆ ಸಿರೋಟಾ, 22 ವರ್ಷದ ಹುಡುಗಿ. ಆ ಸಮಾನತೆ ಜಪಾನಿನಲ್ಲಿ 1947ರಿಂದ ಜಾರಿಯಲ್ಲಿದೆ. 2004ರಲ್ಲಿ ತಮ್ಮ ಸೈನ್ಯ ಕೂತಿದ್ದ ಇರಾಕಿಗೆ ಹೊಸ ಮಧ್ಯಂತರ ಕಾನೂನು ಮಾಡಿಸಿದರು. ಅಲ್ಲಿನ ಸಂಸತ್ತಿನಲ್ಲಿ ಕನಿಷ್ಠ ಕಾಲುಭಾಗ ಹೆಂಗಸರು ಇರಬೇಕು ಅನ್ನುವ ಗುರಿ ಹಾಕಿದರು. ಆ ವರ್ಷ ಅವರದೇ ಕಾಂಗ್ರೆಸ್ಸಿನಲ್ಲಿ ಹೆಂಗಸರು ನೂರಕ್ಕೆ 14ರ ಆಸುಪಾಸು. ಮಹಿಳೆಯರ ಹಕ್ಕಿನ ವಿಶ್ವಸಂಸ್ಥೆ ಒಪ್ಪಂದಕ್ಕೆ 1980ರಲ್ಲಿ ಸಹಿ ಹಾಕಿದ್ದಾರೆ, ಸೆನೆಟ್ ಇವತ್ತಿಗೂ ಅನುಮೋದಿಸಿಲ್ಲ. ಹೊರಗೆ ಉಳಿದ ಇತರರಲ್ಲಿ ಇರಾನ್, ಸೊಮಾಲಿಯಾ ಸೇರಿವೆ. ಒಳ್ಳೆ ಸಹವಾಸ.

ನಾವು ನಗುವಾಗ ಬಾಯಿಗೆ ಸ್ವಲ್ಪ ಕೈ ಅಡ್ಡ ಇಟ್ಟುಕೊಳ್ಳುವುದು ವಾಸಿ. ನಮ್ಮ ಹಾಸನದ ದೇವೇಗೌಡರು ಪ್ರಧಾನಿಯಾಗಿದ್ದ 1996ರಲ್ಲಿ ಮಂಡನೆಯಾದ ಮಹಿಳಾ ಮೀಸಲಾತಿ ಪಾಸಾದದ್ದು 2023ರಲ್ಲಿ. ಅದೂ ಜನಗಣತಿ ಆಗಲಿ, ಕ್ಷೇತ್ರ ಮರುವಿಂಗಡಣೆ ಆಗಲಿ, ಆಮೇಲೆ ನೋಡೋಣ ಎಂಬ ಷರತ್ತಿನ ಜೊತೆ. ಗಡುವು ಹಾಕುವ ವಿದ್ಯೆ ಅವರಿಗೆ ಗೊತ್ತಿದ್ದರೆ ಕಾಯಿಸುವ ವಿದ್ಯೆ ನಮಗೆ ಗೊತ್ತು.

ಇಆರ್‌ಎಗೆ ಇನ್ನೂ ಹೂಂ ಅನ್ನದ ರಾಜ್ಯಗಳಲ್ಲಿ ಮಿಸಿಸಿಪ್ಪಿ ಒಂದು. ಆ ರಾಜ್ಯದ ಮೇಲೆ ನಾನು ಭರವಸೆ ಇಟ್ಟಿದ್ದೇನೆ. ಹೆಂಗಸರ ಮತದ ಹಕ್ಕನ್ನು ಕಾಂಗ್ರೆಸ್ಸು 1919ರಲ್ಲಿ ಪಾಸು ಮಾಡಿ ಕಳಿಸಿದಾಗ ಮಿಸಿಸಿಪ್ಪಿ ಒಪ್ಪಲಿಲ್ಲ. ಆಮೇಲೆ ಒಪ್ಪಿತು, 1984ರಲ್ಲಿ. ಬರೀ 65 ವರ್ಷ. ಅದೇ ಸ್ಪೀಡಿನಲ್ಲಿ ಹೋದರೆ 1972ರ ಕಾಗದಕ್ಕೆ 2037ರಲ್ಲಿ ಸಹಿ ಬೀಳಬೇಕು. ಅಷ್ಟು ಹೊತ್ತಿಗೆ ಗಡುವು ಮುಗಿದು ಬರೋಬ್ಬರಿ 55 ವರ್ಷ ಆಗಿರುತ್ತದೆ. ಅದಕ್ಕೇನಂತೆ, ಒಂದು ಕೆಲಸ ಮಾಡಬಹುದು. ಆ 24 ಪದದ ಕೆಳಗೆ ಸದಸ್ಯರ ಸಂಬಳದ ಬಗ್ಗೆಯೂ ಒಂದು ಸಾಲು ಸೇರಿಸಿ ಕಳಿಸಲಿ.