ಗೋಳಗುಮ್ಮಟದಾಗ ಪಿಸುಮಾತೊಂದು ಬಿಟ್ಟು ಎಲ್ಲಾ ಕೇಳಸ್ತೈತಿ

ಗೆಳ್ಯಾರು ಊರಿಗೆ ಬರ್ತೀವಿ ಅಂದ್ರ ಈಗ ನನಗ ಖುಷಿ ಆಗೂದಿಲ್ರಿ, ಸಿಟ್ಟು ಮೊದಲ ಬರ್ತೈತಿ. ವಿಜಯಪುರಕ್ಕ ಬಂದವರು ಮತ್ತೇನ್ ಕೇಳ್ತಾರ? ಗೋಳಗುಮ್ಮಟ. ಹೊರಗ ನಿಂತು ಫೋಟೋ ಹೊಡಕೊಂಡ್ರ ಮುಗೀತೇನು? ಮ್ಯಾಲ ಹತ್ತಿ, ಗ್ಯಾಲರಿಯಾಗ ಗ್ವಾಡಿಗೆ ಬಾಯಿ ಹಚ್ಚಿ ಪಿಸು ಅಂದದ್ದು ಎದುರಿನ ಕಡೆ ಕುಂತವಗ ಕೇಳಸಬೇಕು. ಅದಕ್ಕಂತನ ಅಷ್ಟು ದೂರದಿಂದ ಬಂದಿರ್ತಾರ.

ಬೆಂಗಳೂರಿಂದ ಬಂದ ನನ್ನ ಕಾಲೇಜ್ ಗೆಳ್ಯಾರನ್ನ ರವಿವಾರ ಕರಕೊಂಡು ಹೋದೆ. ಮೂಲಿ ಮಿನಾರದ ಇಕ್ಕಟ್ಟು ಮೆಟ್ಲ, ಏರಾವ್ರು ಇಳಿಯಾವ್ರು ಒಬ್ಬರ ಮ್ಯಾಲ ಒಬ್ಬರು. ಅದನ್ನ ತಡಕೋಬಹುದು. ಆದ್ರ ಮ್ಯಾಲ ಹೋಗಿ ಒಳಗ ಕಾಲಿಟ್ರ ಕಿವಿ ಗುಂಯ್ ಅಂದುವು. ಸೀಟಿ, ಕೇಕಿ, ಚಪ್ಪಾಳಿ, "ಏ ಮಲ್ಲ್ಯಾ" ಅಂತ ಒದರೂದು, ನಾಯಿಹಂಗ ಬೊಗಳೂದು. ಒಬ್ಬ ಅಪ್ಪ ತನ್ನ ಸಣ್ಣ ಮಗನಿಗೆ "ಇನ್ನೂ ಜೋರ್ ಒದರಪಾ, ಇನ್ನೂ ಜೋರ್" ಅಂತ ಹುರುಪು ತುಂಬಾಕತ್ತಿದ್ದ! ಒಂದು ಸೀಟಿ ಹೊಡದ್ರ ಗುಮ್ಮಟ ಏಳು ಸಲ ತಿರುಗಿ ಹೊಡೀತೈತಿ ಅಂತಾರ. ಐವತ್ತು ಮಂದಿ ಹೊಡದ್ರ ಏನಾಗಬೇಕು, ನೀವ ಲೆಕ್ಕ ಹಾಕ್ರಿ.

ಅಲ್ರೀ, ಒಳಗಿನ ಅಡ್ಡಗಲ ಸುಮಾರು 38 ಮೀಟರ್. ನಡುವ ಒಂದ ಕಂಬ ಇಲ್ಲ. ಬಾಗಿದ ಗ್ವಾಡಿ ಗುಂಟ ಸಣ್ಣ ದನಿ ಜಾರಕೋತ ಹೋಗಿ ಆ ಕಡೆ ಮುಟ್ಟತೈತಿ. ಕೈಗಡಿಯಾರದ ಟಿಕ್ ಟಿಕ್ ಸೈತ ಕೇಳಸ್ತದ ಅಂತ ನಮ್ಮ ಹಿರ್ಯಾರು ಹೇಳೂದು ಸುಮ್ಮನಲ್ಲ. ಅಂಥಾ ಜಾಗಾದಾಗ ಒದರಾಕ ಬರಬೇಕ? ಒದರಾಕ ಹೊಲ ಇಲ್ಲೇನು, ಬಯಲಿಲ್ಲೇನು?

ಮ್ಯಾಲಾಗಿ ಅದು ಸಮಾಧಿ. 1656ರಾಗ ತೀರಿಕೊಂಡ ವಿಜಯಪುರದ ಸುಲ್ತಾನ ಮುಹಮ್ಮದ್ ಆದಿಲ್‌ಶಾಹ ಕೆಳಗ ಅದಾನ. ಹೆಂಡ್ರು, ಮಗಳು, ಮೊಮ್ಮಗ ಎಲ್ಲಾರೂ ಅಲ್ಲೇ ಅದಾರ. ನಿಮ್ಮ ಮನಿ ಹಿರ್ಯಾರ ಗೋರಿ ಮ್ಯಾಲ ಹಿಂಗ ಸೀಟಿ ಹೊಡದ್ರ ಸುಮ್ಮ ಇರ್ತೀರೇನು?

ಗೆಳ್ಯಾನ ಒಂದ ಕಡೆ ಕುಂಡ್ರಿಸಿ, ನಾ ಎದುರಿಗೆ ಹೋಗಿ ಗ್ವಾಡಿಗೆ ಬಾಯಿ ಹಚ್ಚಿದೆ. ಅಂವ ಆ ಕಡಿಂದ ಕೈ ಅಲ್ಲಾಡಿಸಿದ, ಏನೂ ಕೇಳ್ತಿಲ್ಲ ಅಂತ. ತಿರುಗಿ ಹೇಳಿದೆ. ತಿರುಗಿ ಕೈ ಅಲ್ಲಾಡಿಸಿದ. ಆಮ್ಯಾಗ ಆ ಮಹಾನುಭಾವ ಏನ್ ಮಾಡಿದ ಅಂತೀರಿ? ಎದ್ದು ನಿಂತು ತನ್ನ ಹೆಸರ ತಾನ ಗಂಟಲು ಹರಕೊಂಡು ಕೂಗಿದ! ಕೇಳಿದ್ರ "ಎಲ್ರೂ ಕೂಗ್ತಿದ್ದಾರಲ್ಲೋ, ನಂದೇನ್ ತಪ್ಪು" ಅಂತಾನ. ಓದಿದಾಂವ, ಕಂಪನಿಯಾಗ ಮ್ಯಾನೇಜರು. ಗ್ವಾಡಿ ಮ್ಯಾಲ ಬಾಣ ಬಿಟ್ಟ ಹೃದಯ ಕೆತ್ತಿದ ಹುಡುಗೂರಿಗೆ ಬೈಯೂದ ನಾ ಅವತ್ತಿಗೆ ಬಿಟ್ಟೆ.

ಅರ್ಧಕ್ಕ ನಿಂತ ಇನ್ನೊಂದು ಸಮಾಧಿ ಬಾರಾ ಕಮಾನಿನಾಗ ಹತ್ತು ನಿಮಿಷ ನಿಂತ್ರು, ಸೆಲ್ಫಿ ಆತು, ನಡೀರಿ. ಸಂಜಿಕ ಇನ್ನೊಬ್ಬ ಸುಲ್ತಾನನ ಸಮಾಧಿ ಇಬ್ರಾಹಿಂ ರೋಜಾಕ್ಕ ಕರಕೊಂಡು ಹೋದೆ, ಅಲ್ಲೆರ ಶಾಂತ ಇರ್ತೈತಿ ಅಂತ. ಕಲ್ಲಾಗ ಅಕ್ಷರ ಕೊರದು ಅದನ್ನ ಜಾಲಂದ್ರ ಮಾಡ್ಯಾರ್ರೀ, ಅಕ್ಷರದ ಸಂದ್ಯಾಗಿಂದ ಬೆಳಕು ಒಳಗ ಬೀಳತೈತಿ. ಮನ್ಷ್ಯಾರು ಮಾಡಿದ್ದು ಅಂತ ನಂಬಾಕ ಆಗೂದಿಲ್ಲ. ನಮ್ಮ ಮ್ಯಾನೇಜರು ಫೋನಿನಿಂದ ತಲಿ ಎತ್ತಿ ಕೇಳಿದ್ದು ಒಂದ ಮಾತು: "ಇಲ್ಲಿ ಎಕೋ ಇಲ್ವಾ?"

ಮುಂದಿನ ತಿಂಗಳ ಇದ ಬಳಗದ ಇನ್ನೊಂದು ತಂಡ ಬರ್ತೈತಂತ. ಮುಂಜಾನೆ ಬಾಗಲಾ ತೆರದ ಕೂಡ್ಲೆ ಹೋಗೂಣು, ಮಂದಿ ಕಡಿಮಿ ಇರ್ತಾರ, ಪಿಸುಮಾತು ಖರೇನ ಕೇಳಸ್ತೈತಿ ಅಂತ ಬರದೆ. "ಅಷ್ಟು ಬೇಗ ಯಾರಪ್ಪಾ ಏಳ್ತಾರೆ, ಆರಾಮಾಗಿ ಟಿಫಿನ್ ಮುಗಿಸಿ ಹನ್ನೊಂದಕ್ಕೆ ಹೊರಡೋಣ" ಅಂತ ಮೆಸೇಜ್ ಬಂದೈತಿ.